ಚಿನಕುರಳಿಯ ಗುಡ್ಡದ ದಾರಿ

ವೈರಮುಡಿಯ ಉತ್ಸವಕ್ಕೆಂದು ಮೇಲುಕೋಟೆಗೆ ಹೋಗಿಬಂದಿರುವ ವಾಚಕರಿಗೆ, ಬೆಟ್ಟದ ಊರಿನಲ್ಲಿ ಇರುಳೂ ಜನಸಂದಣಿಯೂ ಒಂದಾದರೆ ಮನುಷ್ಯನ ಕಾಲು ಅವನ ವಶದಲ್ಲಿರುವುದಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಈಗ ಅಲ್ಲಿಗೆ ಡಾಂಬರಿನ ರಸ್ತೆಯುಂಟು, ದೀಪವುಂಟು, ಪೋಲೀಸಿನವರ ಕಾವಲುಂಟು. ಇವೊಂದೂ ಇಲ್ಲದಿದ್ದ 1771ನೆಯ ಇಸವಿಯ ಮಾರ್ಚಿ ತಿಂಗಳ ಮೊದಲಲ್ಲಿ, ಅದೇ ಬೆಟ್ಟದಿಂದ ಒಂದು ದಂಡಿಗೆ ದಂಡೇ ರಾತ್ರಿಯಲ್ಲಿ ಇಳಿದು ಶ್ರೀರಂಗಪಟ್ಟಣಕ್ಕೆ ಹೊರಟಿತು. ಅದು ಹೈದರಾಲಿಯ ದಂಡು. ಚರಿತ್ರೆಯ ಪುಸ್ತಕಗಳಲ್ಲಿ ಚಿನಕುರಳಿಯ ಯುದ್ಧವೆಂದು ಹೆಸರಾಗಿರುವುದು ಇದೇ. ಅದನ್ನು ಯುದ್ಧವೆಂದು ಕರೆಯುವುದಕ್ಕಿಂತ ದಾರಿಯಲ್ಲಿ ನಡೆದ ದುರ್ಘಟನೆಯೆಂದು ಕರೆಯುವುದೇ ಮೇಲೆಂದು ನನಗೆ ತೋರುತ್ತದೆ.

ಹಿನ್ನೆಲೆಯನ್ನು ಸಂಗ್ರಹವಾಗಿ ಹೇಳಿಬಿಡುತ್ತೇನೆ. ಪೇಶ್ವೆ ಮಾಧವರಾಯನು 1770ರಲ್ಲಿ ಮೈಸೂರಿನ ಮೇಲೆ ದಂಡೆತ್ತಿ ಬಂದು, ನಿಜಗಲ್ಲನ್ನು ಹಿಡಿದು, ದೇಹಾಲಸ್ಯದಿಂದ ಹಿಂದಿರುಗಿದನು. ಸೈನ್ಯವು ತ್ರ್ಯಂಬಕರಾಯನ ಕೈಗೆ ಬಂತು. ಮರಾಠರ ಕುದುರೆದಂಡನ್ನು ಬಯಲಿನಲ್ಲಿ ಎದುರಿಸಲಾರದೆ ಹೈದರನು ಮೇಲುಕೋಟೆಯ ಬೆಟ್ಟಸಾಲನ್ನು ಆಶ್ರಯಿಸಿದನು. ಯದುಗಿರಿಯ ಎತ್ತರ ಸುಮಾರು 3,500 ಅಡಿ. ಕುದುರೆ ಹತ್ತಲಾರದ ಸ್ಥಳ. ಆದರೆ ಕುದುರೆ ಹತ್ತಲಾರದ ಕಡೆಗೆ ದವಸದ ಎತ್ತೂ ಸುಲಭವಾಗಿ ಹತ್ತುವುದಿಲ್ಲ. ಕೆಳಗಿನಿಂದ ಮರಾಠರ ಫಿರಂಗಿಗಳು ಹಗಲೆಲ್ಲ ಹಾರುತ್ತಿದ್ದುವು. ರಾಜಧಾನಿಗೆ ಇಪ್ಪತ್ತೆರಡು ಮೈಲಿ. ರಾತ್ರಿಯಲ್ಲಿ ಹೊರಟರೆ ಬೆಳಗಾಗುವುದರೊಳಗೆ ಸೇರಿಕೊಳ್ಳಬಹುದೆಂದು ಲೆಕ್ಕ ಹಾಕಿದರು.

ಈ ಲೆಕ್ಕ ಒಬ್ಬ ಓಲೆಕಾರನಿಗೆ ಸರಿಯೇ ಹೊರತು ದಂಡಿಗಲ್ಲ. ಆ ಕಾಲದ ದಂಡೆಂದರೆ ಬರಿಯ ಸಿಪಾಯಿಗಳ ಸಾಲಲ್ಲ. ಹುಲ್ಲು ಕೊಯ್ಯುವವರು, ಎತ್ತು ಹೊಡೆಯುವವರು, ಧಾನ್ಯದ ಹೇರು ತರುವ ಲಂಬಾಣಿಗಳು, ಅಡಿಗೆಯವರು, ಅಂಗಡಿಯವರು, ಹೆಂಗಸರು, ಮಕ್ಕಳು; ಕಾದುವವನೊಬ್ಬನ ಹಿಂದೆ ಕಾದದವರು ಹಲವರು. ಇವರೊಡನೆ ಫಿರಂಗಿಯ ಬಂಡಿಗಳು, ಮದ್ದಿನ ಪೆಟ್ಟಿಗೆಗಳು, ಅಗ್ನಿಬಾಣಗಳನ್ನು ಹೇರಿದ ಒಂಟೆಗಳು. ಕುಂತಿಬೆಟ್ಟಕ್ಕೆ ಸೂರ್ಯೋದಯವನ್ನು ನೋಡಲು ಕತ್ತಲೆಯಲ್ಲೇ ಹತ್ತುವ ಇಂದಿನ ತರುಣರು ಬಲ್ಲರು: ಬಂಡೆಯ ಸಂದಿಯಲ್ಲಿ ಮುಂದಿನವನೊಬ್ಬನು ನಿಂತರೆ ಹಿಂದಿನವರೆಲ್ಲರೂ ನಿಲ್ಲಬೇಕು. ಹತ್ತು ಮಂದಿಗೆ ಅದು ನಗೆಯ ಮಾತು. ಹತ್ತಾರು ಸಾವಿರ ಪ್ರಾಣಿಗಳಿಗೆ, ಬೆನ್ನ ಹಿಂದೆ ಶತ್ರುವಿರುವಾಗ, ಅದೇ ಮೃತ್ಯು.

ಹೊರಟ ಕೆಲವು ಹೊತ್ತಿಗೇ ಹೈದರನ ಕಡೆಯವರದೇ ಒಂದು ಫಿರಂಗಿ ಹಾರಿ ಶತ್ರುಗಳನ್ನು ಎಬ್ಬಿಸಿತು. ಬೆಳಗಾಗುವ ವೇಳೆಗೆ ದಂಡು ಅರ್ಧದಾರಿಯ ಚಿನಕುರಳಿಯ ಗುಡ್ಡಗಳ ಬಳಿಗೆ ಬಂದಿತ್ತು, ಅಷ್ಟೆ. ಮರಾಠರು ಸುತ್ತಲೂ ಮುಸುರಿದರು. ಗುಡ್ಡ ಕಂಡೊಡನೆ, ಅಲ್ಲಿಗೆ ಸೇರಿದರೆ ಉಳಿದೆವೆಂದು ಸಾಲು ಮುರಿದು ಎಲ್ಲರೂ ಒಂದೇ ಕಡೆಗೆ ನುಗ್ಗಿದರು. ಅದೇ ಗಳಿಗೆಯಲ್ಲಿ ಬಾಣದ ಒಂಟೆಗಳ ಹೇರಿಗೆ ಬೆಂಕಿ ತಗುಲಿತೆಂದೂ, ಬೆದರಿದ ಒಂಟೆಗಳು ಗುಂಪಿನೊಳಗೆ ನುಗ್ಗಿದುವೆಂದೂ, ಮದ್ದು ಸಿಡಿಯಿತೆಂದೂ ಚರಿತ್ರಕಾರರು ಬರೆದಿದ್ದಾರೆ. ಅಲ್ಲಿಂದ ಮುಂದೆ ಅಪ್ಪಣೆ ಕೊಡುವವನೂ ಇಲ್ಲ, ಕೇಳುವವನೂ ಇಲ್ಲ. ಕತ್ತಿಗೆ ಸಿಕ್ಕಿದವರು ಹಲವರು. ಕಾಲ್ತುಳಿತಕ್ಕೆ ಸಿಕ್ಕಿದವರನ್ನು ಯಾರು ಎಣಿಸಿದರು?

ಆ ರಾತ್ರಿ ಹೈದರನು ಪಾನಮತ್ತನಾಗಿದ್ದನೆಂದೂ, ಸಿಟ್ಟಿನಲ್ಲಿ ಮಗ ಟೀಪುವನ್ನು ಹೊಡೆದನೆಂದೂ ವಿಲ್ಕ್ಸ್ ಸಾಹೇಬನು ಬಣ್ಣಿಸಿದ್ದಾನೆ. ಆತನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು, ಘಟನೆಯನ್ನು ಬಲ್ಲವರಿಂದ ಕೇಳಿ ಬರೆದವನು. ಮಾತನ್ನು ಸುಳ್ಳೆಂದು ತಳ್ಳುವಂತಿಲ್ಲ. ಆದರೂ ನಮ್ಮ ಮನೆಗಳಲ್ಲಿ ಈ ಕಥೆ ಬಂದಾಗಲೆಲ್ಲ ಕುಡಿತದ ಸಂಗತಿಯೇ ಮುಂದಾಗುತ್ತದೆ. ದಾರಿಯನ್ನು ಯಾರೂ ನೆನೆಯುವುದಿಲ್ಲ. ಎಚ್ಚರವುಳ್ಳ ದಳವಾಯಿಯಾದರೂ ಅಷ್ಟು ಹೇರನ್ನು ಅಂತಹ ಇಳಿಜಾರಿನಲ್ಲಿ ಒಂದೇ ಇರುಳಿಗೆ ಇಳಿಸಿ ಬಯಲು ದಾಟಿಸಬಲ್ಲವನಾಗಿದ್ದನೆ? ನಾನು ನಂಬೆನು.

ಗೆದ್ದವರಿಗೂ ಸಂದಣಿಯೇ ಅಡ್ಡಿಯಾಯಿತು. ಚೆಲ್ಲಿದ ಸಾಮಾನನ್ನು ದೋಚುವುದರಲ್ಲಿಯೇ ಮರಾಠರಿಗೆ ದಿನಗಳು ಕಳೆದುವು. ಅಷ್ಟರಲ್ಲಿ ಪಟ್ಟಣದ ಕೋಟೆ ಕಾವಲಿಗೆ ಸಿದ್ಧವಾಯಿತು. ಅವರು ಕೋಟೆಯನ್ನು ಮುತ್ತಿದರೂ ಹಿಡಿಯಲಾಗಲಿಲ್ಲ. ಇತ್ತ ಮೇಲುಕೋಟೆಯ ಪಾಡು ಬೇರೆ. ಹೈದರನ ದಂಡು ಬಿಟ್ಟುಹೋದ ಬೆಟ್ಟವನ್ನು ಸುಲಿಗೆಗಾರರು ಹೊಕ್ಕು, ಕಬ್ಬಿಣದ ಆಸೆಯಿಂದ ದೊಡ್ಡ ಮರದ ತೇರುಗಳಿಗೆ ಬೆಂಕಿಯಿಟ್ಟರು. ಉರಿಯು ದೇವಾಲಯಕ್ಕೂ ತಗುಲಿತು. ಯುದ್ಧಕ್ಕೆ ಯಾವ ಪಕ್ಷದಲ್ಲೂ ಸೇರದಿದ್ದ ಊರು ಹೀಗೆ ಎರಡು ದಂಡುಗಳ ಭಾರವನ್ನೂ ಹೊತ್ತಿತು.

ಹೈದರನು ವೇಗದ ಕುದುರೆಯನ್ನೇರಿ ಪಟ್ಟಣದ ಹೊಳೆಯ ಬಳಿಗೆ ಬಂದನು. ಮಗನ ಸುದ್ದಿ ತಿಳಿಯದೆ ಅರಮನೆಗೆ ಹೋಗಲೊಲ್ಲದೆ ಹೊರಗಿನ ಒಂದು ದರ್ಗಾದಲ್ಲಿ ಕುಳಿತುಬಿಟ್ಟನಂತೆ. ಟೀಪುವು ಫಕೀರನ ವೇಷದಲ್ಲಿ ನುಸುಳಿ ಬಂದು ಸೇರಿದನು. ಹುಲ್ಲು ಕೊಯ್ಯುವವನ ಮಗನಿಗಾಗಿ ಹೊಳೆಯ ದಡದಲ್ಲಿ ಎಷ್ಟು ಮಂದಿ ಕಾದಿದ್ದರೋ, ಅದನ್ನು ವಿಲ್ಕ್ಸನೂ ಬರೆಯಲಿಲ್ಲ, ನವಾಬನ ಚರಿತ್ರೆಯನ್ನು ಪಾರಸಿಯಲ್ಲಿ ಬರೆದ ಕಿರ್ಮಾನಿಯೂ ಬರೆಯಲಿಲ್ಲ.