ಚಳಿನಾಡಿನ ಕೊಠಡಿಗಳ ಶಾಖನಿಯಂತ್ರಣ: ಒಂದು ಐತಿಹಾಸಿಕ ವಿವೇಚನೆ

ಯಂತ್ರಗಳ ಇತಿಹಾಸವನ್ನು ಬರೆಯುವವರು ಅವುಗಳನ್ನು ನಿರ್ಮಿಸಿದವರ ಹೆಸರುಗಳಿಗೆ ಹೆಚ್ಚಿನ ಗಮನ ಕೊಡುವರು. ಯಾರ ದೇಹಸ್ಥಿತಿಯನ್ನು ಪ್ರಮಾಣವಾಗಿಟ್ಟುಕೊಂಡು ಅವು ಕೆಲಸ ಮಾಡುತ್ತವೆಂಬುದನ್ನು ವಿಚಾರಿಸುವುದು ವಿರಳ. ಚಳಿನಾಡುಗಳಲ್ಲಿ ಕೊಠಡಿಯನ್ನು ಬೆಚ್ಚಗಿಡುವ ಕ್ರಮದ ಇತಿಹಾಸದಲ್ಲಿ ಈ ಎರಡನೆಯ ಪ್ರಶ್ನೆಯೇ ಮುಖ್ಯವೆಂದು ನಾವು ಭಾವಿಸುತ್ತೇವೆ.

ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿನಲ್ಲಿ ನೆಲಸಿದ್ದ ಡಚ್ಚರ ಕಾರ್ನೆಲಿಸ್ ಡ್ರೆಬೆಲ್ಲನು, ಪಾದರಸದ ಏರಿಳಿತದಿಂದ ತಾನಾಗಿಯೇ ಶಾಖವನ್ನು ಹದದಲ್ಲಿಡುವ ಒಲೆಯೊಂದನ್ನು ರಚಿಸಿದನು. ಅದರ ಸೌಲಭ್ಯ ದೊರೆತುದು ಮನುಷ್ಯರಿಗಲ್ಲ, ಮರಿಯಾಗಬೇಕಿದ್ದ ಮೊಟ್ಟೆಗಳಿಗೆ! 1830ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಊರ್, ಶಾಖಕ್ಕೆ ಬಾಗುವ ಜೋಡಿಲೋಹದ ಪಟ್ಟಿಯನ್ನು ಬಳಸಿ 'ಥರ್ಮೋಸ್ಟಾಟ್' ಎಂಬ ಸಾಧನವನ್ನು ರೂಪಿಸಿದನು.

ಆದರೆ ಜನರು ಕುಳಿತ ಕೊಠಡಿಗೆ ಈ ತತ್ತ್ವವು ಪ್ರವೇಶಿಸಿದ ಪ್ರಸಂಗವು ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ವೈಟ್‌ವಾಟರಿನಲ್ಲಿದ್ದ ಉಪಾಧ್ಯಾಯರ ತರಬೇತಿ ಶಾಲೆಗೆ ಸಂಬಂಧಿಸಿದುದು. ಅಲ್ಲಿ ಜವಾನನು ಆಗಾಗ ತರಗತಿಗಳನ್ನು ಹೊಕ್ಕು ಉಷ್ಣಮಾಪಕವನ್ನು ನೋಡಿ, ನೆಲಮಾಳಿಗೆಗೆ ಇಳಿದು ಕುಲುಮೆಯ ಕವಾಟಗಳನ್ನು ಸರಿಪಡಿಸಬೇಕಾಗಿತ್ತು. ಪಾಠ ಹೇಳುವವರಿಗೆ ಇದರ ಕಿರುಕುಳವನ್ನು ವಿವರಿಸಬೇಕಾಗಿಲ್ಲ. ಅಲ್ಲಿಯ ಅಧ್ಯಾಪಕ ವಾರೆನ್ ಜಾನ್ಸನ್ನರು 1883ರಲ್ಲಿ ಸನ್ನದು ಪಡೆದ ಸಾಧನವು ತರಗತಿಯ ಶಾಖಸ್ಥಿತಿಯನ್ನು ವಿದ್ಯುತ್ತಿನ ಮೂಲಕ ಜವಾನನಿಗೆ ತಿಳಿಸುತ್ತಿತ್ತು. ಕವಾಟವನ್ನು ತಿರುಗಿಸುವ ಕೈ ಇನ್ನೂ ಮನುಷ್ಯನದೇ ಆಗಿತ್ತು. ಕೆಲವೇ ವರ್ಷಗಳಲ್ಲಿ ಆ ಕೆಲಸವನ್ನೂ ಯಂತ್ರವೇ ವಹಿಸಿಕೊಂಡಿತು. ಹೀಗೆ ಕೊಠಡಿಯಲ್ಲಿ ಕುಳಿತವರನ್ನು ಕೇಳುವ ಅವಕಾಶವೂ ಜವಾನನೊಡನೆಯೇ ಹೊರಟುಹೋಯಿತೆಂಬುದು ಗಮನಾರ್ಹ.

ಯಂತ್ರಕ್ಕೆ ಅಂಕಿಯೊಂದು ಬೇಕು. ಆ ಅಂಕಿಯನ್ನು ಪ್ರಯೋಗಶಾಲೆಗಳು ಒದಗಿಸಿದವು. 1970ರಲ್ಲಿ ಡೆನ್ಮಾರ್ಕಿನ ಫಾಂಗರ್ ಅವರು ಗಾಳಿಯ ಉಷ್ಣತೆ, ಸುತ್ತಣ ಮೈಗಳು ಹೊಮ್ಮಿಸುವ ಶಾಖ, ಗಾಳಿಯ ವೇಗ, ತೇವಾಂಶ, ಉಡುಪು, ದೇಹದ ಚಟುವಟಿಕೆ ಎಂಬ ಆರು ಅಂಶಗಳಿಂದ ಸೌಖ್ಯವನ್ನು ಗಣಿಸುವ ಸೂತ್ರವನ್ನು ಪ್ರಕಟಿಸಿದರು. ಅತ್ಯುತ್ತಮ ಸ್ಥಿತಿಯಲ್ಲಿಯೂ ನೂರಕ್ಕೆ ಐವರು ಅತೃಪ್ತರಾಗಿಯೇ ಉಳಿಯುವರೆಂದು ಆ ಸೂತ್ರವೇ ಒಪ್ಪಿಕೊಳ್ಳುತ್ತದೆ.

1973ರ ತೈಲದ ಅಭಾವವು ಈ ಅಂಕಿಯನ್ನು ರಾಜಕೀಯಕ್ಕೆ ಎಳೆಯಿತು. ನಿಕ್ಸನ್ನರು ಮನೆಗಳ ಶಾಖವನ್ನು ಇಳಿಸಲು ಜನರನ್ನು ಕೋರಿದರು. 1977ರಲ್ಲಿ ಕಾರ್ಟರರು ಉಣ್ಣೆಯ ಮೇಲಂಗಿ ತೊಟ್ಟು, ಹಗಲು 65° ಫ್ಯಾರನ್‌ಹೀಟ್ ಸಾಕೆಂದರು. 1979ರಲ್ಲಿ ವಸತಿಯೇತರ ಕಟ್ಟಡಗಳಿಗೆ ಅದೇ ಮಿತಿ ಕಾನೂನಾಗಿ, 1981ರಲ್ಲಿ ರದ್ದಾಯಿತು. ಇಂಧನದ ಉಳಿತಾಯವೆಂದರೆ ಕಷ್ಟಸಹಿಷ್ಣುತೆ ಎಂಬ ಭಾವನೆಯನ್ನು ಈ ಆಜ್ಞೆಗಳು ಬೇರೂರಿಸಿದವೆಂದು ನಮಗೆ ತೋರುತ್ತದೆ.

ಅದೇ 1973ರಲ್ಲಿ ಬ್ರಿಟನ್ನಿನ ನಿಕಲ್ ಮತ್ತು ಹಂಫ್ರೀಸರು ಬೇರೆ ದಾರಿಯನ್ನು ತೋರಿಸಿದ್ದರು. ಉಡುಪನ್ನು ಬದಲಿಸುವ, ಕಿಟಕಿಯನ್ನು ತೆರೆಯುವ ನಿವಾಸಿಯೇ ನಿಯಂತ್ರಣವ್ಯವಸ್ಥೆಯ ಅಂಗವೆಂಬುದು ಅವರ ವಾದ. ಮರುವರ್ಷ ನಿಕಲ್ಲರು ನಮ್ಮ ದೇಶದ ರೂರ್ಕಿ ಹಾಗೂ ಇರಾಕಿನ ಬಾಗ್ದಾದುಗಳಲ್ಲಿ ಹಿಂದೆ ಸಂಗ್ರಹಿಸಿದ್ದ ಅವಲೋಕನಗಳನ್ನು ವಿಶ್ಲೇಷಿಸಿದರು. ಪ್ರಯೋಗಶಾಲೆಯ ಅಂಕಿಗಿಂತ ಹೆಚ್ಚಿನ ಸೆಕೆಯಲ್ಲಿಯೂ ಅಲ್ಲಿಯ ಜನರು ಸುಖವಾಗಿರಬಲ್ಲವರಾಗಿದ್ದರು.

2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು, ಈ ಲೆಕ್ಕಗಳಲ್ಲಿ ಸೇರಿದ್ದ ದೇಹದ ಶಾಖೋತ್ಪತ್ತಿಯ ಪ್ರಮಾಣವು ನಲವತ್ತು ವರ್ಷದ, 70 ಕಿಲೋಗ್ರಾಂ ತೂಕದ ಗಂಡಸಿನದೆಂದೂ, ಸ್ತ್ರೀಯರ ಶಾಖೋತ್ಪತ್ತಿ ಅದಕ್ಕಿಂತ ಕಡಮೆಯೆಂದೂ ತೋರಿಸಿದರು. ಕೊಠಡಿಯಲ್ಲಿ ಜನರಿರುವರೇ ಇಲ್ಲವೇ ಎಂಬುದನ್ನು ಇಂದಿನ ಉಪಕರಣಗಳು ಅರಿತು, ಬರಿಯ ಕೊಠಡಿಯನ್ನು ಕಾಯಿಸುವ ಅಪವ್ಯಯವನ್ನು ತಪ್ಪಿಸುತ್ತವೆ. ಇರುವವರಿಗೆ ಚಳಿಯೋ ಸೆಕೆಯೋ ಎಂಬುದನ್ನು ಮಾತ್ರ ಅವುಗಳಲ್ಲಿ ಬಹುಪಾಲು ಈಗಲೂ ಕೇಳುವುದಿಲ್ಲ.