ಲೇಜಿಮಿನ ತುಕ್ಕು, ಹುಣಿಸೆಯ ಹುಳಿ

ಆಗಸ್ಟ್ 15 ಸಮೀಪಿಸಿತೆಂದರೆ, ಲೇಜಿಮು ಆಡಿಸುವ ಶಾಲೆಗಳಲ್ಲಿ ಸಾಮಾನು ಕೋಣೆಯ ಚೀಲಗಳು ಹೊರಬೀಳುತ್ತವೆ. ರಾಯಚೂರಿನಲ್ಲಾಗಲಿ, ಕೃಷ್ಣೆಯ ಕಡೆಯ ದೇವದುರ್ಗದಲ್ಲಾಗಲಿ, ತುಂಗಭದ್ರೆಯ ಕಡೆಯ ಮಾನ್ವಿಯಲ್ಲಾಗಲಿ ಡ್ರಿಲ್ ಮಾಸ್ತರರು ಚೀಲ ಬಿಚ್ಚಿ ನೋಡಿದಾಗ ಮರದ ಹಿಡಿ ಗಟ್ಟಿಯಾಗಿಯೇ ಇರುತ್ತದೆ. ಸರಪಳಿ ಮಾತ್ರ ಕೆಂಪೇರಿರುತ್ತದೆ. ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ದನಿಯೇ ಹೊರಡದು. ನಮ್ಮ ಕಡೆ ಇದಕ್ಕೆ ಜಂಗು ಹಿಡಿಯಿತು ಎನ್ನುತ್ತಾರೆ. ಲೇಜಿಮು ಎಂಬುದೂ ಜಂಗಿನಂತೆ ಪಾರಸಿಯಿಂದ ಬಂದ ಮಾತೇ. ಬಿಲ್ಲುಗಾರರು ತೋಳ್ಬಲಕ್ಕಾಗಿ ಎಳೆಯುತ್ತಿದ್ದ, ಹೆದೆಯ ಬದಲು ಕಬ್ಬಿಣದ ಸರಪಳಿ ಕಟ್ಟಿದ ಬಿಲ್ಲು ಅದು. ತಾಲೀಮುಖಾನೆಗಳಿಂದ ಶಾಲೆಯ ಅಂಗಳಕ್ಕೆ ಬಂದು ಅದು ಮಕ್ಕಳ ಕೈಯಲ್ಲಿ ಹಗುರವಾಯಿತು.

ಈ ಸೀಮೆಗೆ ಕಬ್ಬಿಣವೂ ಹೊಸದಲ್ಲ, ತುಕ್ಕೂ ಹೊಸದಲ್ಲ. ಅಶೋಕನ ಶಾಸನದಿಂದ ಹೆಸರಾದ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ಉತ್ಖನನ ನಡೆಸಿದಾಗ ಬೃಹತ್ ಶಿಲಾ ಸಮಾಧಿಗಳ ಕಾಲದ ಕಬ್ಬಿಣದ ವಸ್ತುಗಳು ದೊರೆತವು. ಅಷ್ಟು ಹಳೆಯ ಕಬ್ಬಿಣದ ವಸ್ತುವಿನಲ್ಲಿ ಎಷ್ಟೋ ಸಲ ಲೋಹವೇ ಉಳಿದಿರುವುದಿಲ್ಲ; ಆಕಾರವನ್ನು ಹಿಡಿದಿಟ್ಟಿರುವುದು ತುಕ್ಕೇ. ಅದನ್ನು ತೆಗೆದರೆ ವಸ್ತುವೇ ಹೋದಂತೆ. ಲೇಜಿಮಿನ ಕಥೆ ಬೇರೆ. ಅಲ್ಲಿ ಒಳಗಿನ ಕಬ್ಬಿಣ ಇನ್ನೂ ಇದೆ. ಅದನ್ನು ಉಳಿಸಿಕೊಂಡು ಮೇಲಿನ ಕೆಂಪನ್ನಷ್ಟೇ ಕಳೆಯಬೇಕು.

ತುಕ್ಕೆಂದರೆ ಕಬ್ಬಿಣವು ಗಾಳಿಯ ಆಮ್ಲಜನಕದೊಡನೆಯೂ ನೀರಿನೊಡನೆಯೂ ಕೂಡಿ ಆದ ವಸ್ತು. ಇದರ ಹಿಂದೆ ವಿದ್ಯುತ್ತಿನ ವ್ಯಾಪಾರವಿದೆಯೆಂದು 1903ರಲ್ಲಿ ಅಮೆರಿಕೆಯ ವಿಲ್ಲಿಸ್ ವಿಟ್ನಿ ಪ್ರತಿಪಾದಿಸಿದನು. ಕಬ್ಬಿಣದ ಒಂದು ಚುಕ್ಕೆಯಲ್ಲಿ ಲೋಹ ಕರಗುತ್ತದೆ. ಅಲ್ಲಿಂದ ಹೊರಟ ವಿದ್ಯುತ್ಕಣಗಳು ಇನ್ನೊಂದು ಚುಕ್ಕೆಗೆ ಸಾಗುತ್ತವೆ. ನಡುವೆ ನೀರಿನ ತೆಳು ಪೊರೆ ಸೇತುವೆಯಾಗುತ್ತದೆ. ಉಪ್ಪು ಬೆರೆತರೆ ಸೇತುವೆ ಇನ್ನೂ ಸಲೀಸು. ಅಂಗೈಯ ಬೆವರಿನಲ್ಲಿ ಉಪ್ಪಿದೆ. ಆದುದರಿಂದಲೇ ಡಂಬೆಲ್ಲಿಗೆ ತುಕ್ಕು ಹತ್ತುವುದು ಬಹುಮಟ್ಟಿಗೆ ಹಿಡಿಯುವ ಜಾಗದಲ್ಲಿ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕಬ್ಬಿಣಕ್ಕೆ ಅಪಾಯ ಕಡಿಮೆ. ಬೆವರು ಒರೆಸದೆ ಚೀಲಕ್ಕೆ ತುಂಬಿದ ಸಾಮಾನು ಮಳೆಗಾಲದ ತೇವದಲ್ಲಿ ಕೆಡುತ್ತದೆ.

ಇನ್ನು ತುಕ್ಕು ತೆಗೆಯುವ ಮಾತು. ನಮ್ಮ ಮನೆಗಳ ಹೆಂಗಸರು ಹಿತ್ತಾಳೆ ತಾಮ್ರಗಳನ್ನು ಬೆಳಗುವ ಹುಣಿಸೆಹಣ್ಣೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಹುಣಿಸೆಯ ಹುಳಿಗೆ ಮುಖ್ಯ ಕಾರಣವಾದ ಟಾರ್ಟಾರಿಕ್ ಆಮ್ಲವನ್ನು ಸ್ವೀಡನ್ನಿನ ಔಷಧಿ ವ್ಯಾಪಾರಿ ಕಾರ್ಲ್ ಷೀಲೆ 1769ರಲ್ಲಿ ಬೇರ್ಪಡಿಸಿದನು. ನಿಂಬೆಯ ಸಿಟ್ರಿಕ್ ಆಮ್ಲವನ್ನು 1784ರಲ್ಲಿ. ಅವನಿಗೆ ಮೊದಲನೆಯದು ದೊರೆತದ್ದು ದ್ರಾಕ್ಷಾರಸದ ಪೀಪಾಯಿಗಳಲ್ಲಿ ಕಟ್ಟುವ ಗಷ್ಟಿನಿಂದ, ಹುಣಿಸೆಯಿಂದಲ್ಲ. ಈ ಎರಡು ಆಮ್ಲಗಳೂ ತುಕ್ಕಿನ ಕಬ್ಬಿಣವನ್ನು ತಮ್ಮ ಅಣುಗಳ ಹಿಡಿತದಲ್ಲಿ ಇಟ್ಟುಕೊಂಡು ನೀರಿಗೆ ಇಳಿಸುತ್ತವೆ. ನಿಧಾನವಾದ ಕೆಲಸ. ಆ ನಿಧಾನವೇ ಅದರ ಗುಣ.

ನಿಧಾನ ಬೇಡವಾದವರು ಪಾಯಿಖಾನೆ ತೊಳೆಯಲು ಮಾರುವ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕೈಹಾಕುವುದುಂಟು. ತುಕ್ಕು ನಿಮಿಷಗಳಲ್ಲಿ ಮಾಯವಾಗುತ್ತದೆ, ನಿಜ. ಆದರೆ ಆಮ್ಲ ಅಲ್ಲಿಗೆ ನಿಲ್ಲುವುದಿಲ್ಲ. ತುಕ್ಕು ಮುಗಿದ ಕಡೆ ಅದು ಕಬ್ಬಿಣವನ್ನೇ ತಿನ್ನತೊಡಗುತ್ತದೆ, ಜಲಜನಕವನ್ನು ಬಿಡುತ್ತದೆ. 1875ರಲ್ಲಿ ಡಬ್ಲ್ಯು. ಎಚ್. ಜಾನ್ಸನ್ ಎಂಬುವನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ವಿಚಿತ್ರವನ್ನು ವರದಿಮಾಡಿದನು. ಆಮ್ಲದಲ್ಲಿ ಕೆಲವೇ ನಿಮಿಷ ಅದ್ದಿದ ಕಬ್ಬಿಣ ಮತ್ತು ಉಕ್ಕು ತಮ್ಮ ಬಾಗುವ ಗುಣವನ್ನು ಕಳೆದುಕೊಂಡು ಪೆಡಸಾಗುತ್ತಿದ್ದವು. ಮುರಿದ ಮೈಯನ್ನು ತೇವಮಾಡಿದರೆ ಗುಳ್ಳೆಗಳು ಏಳುತ್ತಿದ್ದವು! ಲೋಹದೊಳಗೆ ಜಲಜನಕ ಹೊಕ್ಕಿತ್ತು. ಹಾಗೆಯೇ ಇಟ್ಟರೆ ಮೆಲ್ಲಗೆ, ಕಾಯಿಸಿದರೆ ಬೇಗನೆ, ಅದು ಹೊರಟು ಲೋಹಕ್ಕೆ ಮೊದಲಿನ ಗುಣ ಮರಳುವುದನ್ನೂ ಅವನು ಕಂಡನು. ಗಡುಸು ಉಕ್ಕಿನಲ್ಲಿ ಅಷ್ಟರೊಳಗೆ ಬಿರುಕು ಬಿಟ್ಟಿದ್ದರೆ ಆ ಬಿರುಕು ಮಾತ್ರ ಕೂಡಿಕೊಳ್ಳದು. ಎದೆ ಹಿಗ್ಗಿಸುವ ಸ್ಪ್ರಿಂಗುಗಳಿಗೂ, ಭಾರ ಎತ್ತುವ ಸರಳಿಗೂ ಬಲವಾದ ಆಮ್ಲವನ್ನು ಮುಟ್ಟಿಸಬಾರದೆನ್ನುವುದು ಇದಕ್ಕಾಗಿ. ಸರಳಿನ ಕೆಳಗೆ ಮಲಗಿರುವವನು ಯಾರ ಮನೆಯ ಮಗನೋ!

ಗುಂಡು ಎಸೆತದ ಕಬ್ಬಿಣದ ಗುಂಡಿನದು ಬೇರೊಂದು ತೊಡಕು. ಪುರುಷರ ಗುಂಡು 7.26 ಕಿಲೋಗ್ರಾಂ, ಮಹಿಳೆಯರದು 4 ಕಿಲೋಗ್ರಾಂ ತೂಗಬೇಕು. ಕಡಿಮೆಯಾದರೆ ಪಂದ್ಯಕ್ಕೆ ಸಲ್ಲದು. 100 ಗ್ರಾಂ ಕಬ್ಬಿಣ ಪೂರ್ತಿ ತುಕ್ಕಾದರೆ ಆಮ್ಲಜನಕವೂ ನೀರೂ ಸೇರಿ ಸುಮಾರು 160 ಗ್ರಾಂ ಆಗುತ್ತದೆ. ಹೀಗಾಗಿ ತುಕ್ಕು ಮೆತ್ತಿಕೊಂಡಿರುವಾಗ ತಕ್ಕಡಿಯಲ್ಲಿ ಸರಿತೂಗಿದ ಗುಂಡು, ತೊಳೆದ ಮೇಲೆ ಕಡಿಮೆ ಬೀಳಬಹುದು. ಶುಚಿಮಾಡಿದ ಮೇಲೆಯೇ ತೂಗಬೇಕು.

ಲೇಜಿಮಿಗೆ ಹುಣಿಸೆಯ ನೀರೇ ಸಾಕು. ಸರಪಳಿಯನ್ನು ಹಿಡಿಯಿಂದ ಬಿಚ್ಚಿ ಗಟ್ಟಿ ಹುಣಿಸೆನೀರಿನಲ್ಲಿ ನೆನೆಹಾಕಿ, ಆಗಾಗ ತೆಗೆದು ಬ್ರಷ್ಷಿನಿಂದ ಉಜ್ಜಿ ನೋಡುತ್ತಿರಬೇಕು. ಲೋಹ ಕಂಡೊಡನೆ ಹೊರತೆಗೆದು, ಚೆನ್ನಾಗಿ ತೊಳೆದು, ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ಒಮ್ಮೆ ಅದ್ದಬೇಕು. ಉಳಿದ ಹುಳಿಯನ್ನು ಆ ಕ್ಷಾರ ಅಡಗಿಸುತ್ತದೆ. ಇಲ್ಲವಾದರೆ ಬೆಳಗಾಗುವುದರಲ್ಲಿ ಹೊಸ ತುಕ್ಕು! ಮತ್ತೆ ತೊಳೆದು, ಬಿಸಿಲಿಗೆ ಹರವಬೇಕು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲವಷ್ಟೆ. ಗುಂಡು, ಡಂಬೆಲ್ಲುಗಳಿಗೆ ಇನ್ನೊಂದು ದಾರಿಯೂ ಇದೆ. ಫಾಸ್ಫಾರಿಕ್ ಆಮ್ಲದಿಂದ ಕಬ್ಬಿಣದ ಮೇಲೆ ಫಾಸ್ಫೇಟಿನ ಪೊರೆ ಕಟ್ಟಿಸಿ ತುಕ್ಕನ್ನು ತಡೆಯುವ ವಿಧಾನಕ್ಕೆ 1906ರಲ್ಲಿ ಇಂಗ್ಲೆಂಡಿನ ಥಾಮಸ್ ಕಾಸ್ಲೆಟ್ ಹಕ್ಕುಪತ್ರ ಪಡೆದನು. ಅಂಗಡಿಯಲ್ಲಿ ದೊರೆಯುವ ತುಕ್ಕು ದ್ರಾವಣಗಳಲ್ಲಿ ಹಲವು ಇದೇ ಆಮ್ಲದವು. ಅದರ ಮೇಲೆ ಬಣ್ಣ ಚೆನ್ನಾಗಿ ಕಚ್ಚುತ್ತದೆ.

ಕೊನೆಗೆ ಎಣ್ಣೆ. ಮನೆಯಲ್ಲಿ ಕುಸುಬಿ ಎಣ್ಣೆ ಇದೆಯೆಂದು ಅದನ್ನೇ ಸರಪಳಿಗೆ ಸವರಬಾರದು. ಗಾಳಿಗೆ ಅದು ಜಿಗಟಾಗಿ ಬಿಲ್ಲೆಗಳು ಮತ್ತೆ ಅಂಟಿಕೊಳ್ಳುತ್ತವೆ. ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆಯ ಕೆಲವು ಹನಿ ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ಮಕ್ಕಳು ಆಡಿ ಮುಗಿಸಿದ ದಿನವೇ, ಬೆವರು ಆರುವ ಮೊದಲು.