ಮಂಗನ ಹೆಸರು ಹೊತ್ತ ಕಾಯಿಲೆ

ಮಲೆನಾಡಿನಲ್ಲಿ ಮಂಗನ ಕಾಯಿಲೆ ಎಂದರೆ ಯಾರಿಗೂ ವಿವರಿಸಬೇಕಿಲ್ಲ. ಆದರೆ ಅದರ ಚರಿತ್ರೆಯನ್ನು ಓದಿದಷ್ಟೂ ಆ ಹೆಸರು ನನಗೆ ಅನ್ಯಾಯದ್ದಾಗಿ ಕಾಣುತ್ತದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನ ವಿಪರೀತ ಜ್ವರ, ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರು ಬಂದರು. ಮೊದಲು ಅನುಮಾನ ಬಂದದ್ದು ಹಳದಿ ಜ್ವರದ ಮೇಲೆ. ದಕ್ಷಿಣ ಅಮೆರಿಕದಲ್ಲಿ ಅದು ಮಂಗಗಳನ್ನು ಕೊಲ್ಲುವುದು ಗೊತ್ತಿತ್ತು, ಏಷ್ಯಾಕ್ಕೆ ಕಾಲಿಟ್ಟಿರಲಿಲ್ಲ. ವೈರಸ್ಸನ್ನು ಬೇರ್ಪಡಿಸಿ ನೋಡಿದರೆ ಅದರ ನೆಂಟಸ್ತಿಕೆ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ಜೊತೆಗೆ! ಹಾಗಾದರೆ ಸೈಬೀರಿಯಾದ ಹಕ್ಕಿಗಳು ಉಣುಗು ಹೊತ್ತು ತಂದವೇ? ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಕೈಗೊಂಡುದರ ಹಿಂದೆ ಈ ಪ್ರಶ್ನೆಯೂ ಇತ್ತು. ಮಂಗವಾಯಿತು, ಹಕ್ಕಿಯಾಯಿತು. ನಮ್ಮ ಕೊಟ್ಟಿಗೆಯ ಕಡೆ ಯಾರೂ ಬೇಗ ತಿರುಗಿ ನೋಡಲಿಲ್ಲ.

ಉಣುಗಿನ ಬದುಕೇ ಅತ್ತ ಕೈ ತೋರಿಸುತ್ತದೆ. ಮೊಟ್ಟೆಯೊಡೆದು ಬಂದ ಸಣ್ಣ ಮರಿ ಇಲಿ, ಮೂಗಿಲಿ, ನೆಲದ ಹಕ್ಕಿಗಳ ರಕ್ತ ಕುಡಿಯುತ್ತದೆ. ಮಳೆ ನಿಂತು ತರಗೆಲೆ ಒಣಗುವ ಹೊತ್ತಿಗೆ ಅದು ಮುಂದಿನ ಹಂತಕ್ಕೆ ಬೆಳೆದಿರುತ್ತದೆ. ಮಂಗನಿಗೂ ಮನುಷ್ಯನಿಗೂ ಹೆಚ್ಚಾಗಿ ಕಚ್ಚುವುದು ಇದೇ. ಸೊಪ್ಪು, ಸೌದೆ, ದರಗು ತರಲು ನಾವು ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ. ಬಲಿತ ಉಣುಗಿಗೆ ದೊಡ್ಡ ಪ್ರಾಣಿ ಬೇಕು. ಹಿಂದೆ ಕಡವೆ, ಕಾಟಿಗಳ ಮೈ ಹುಡುಕಬೇಕಿತ್ತು. ಈಗ ದಿನಾ ಬೆಳಗ್ಗೆ ದನಗಳ ಹಿಂಡೇ ಕಾಡಿಗೆ ನಡೆದು ಬರುತ್ತದೆ. ದನದಿಂದ ವೈರಸ್ ಅಷ್ಟಾಗಿ ಹರಡದು, ಹೊಟ್ಟೆ ತುಂಬ ರಕ್ತ ಕುಡಿದು ಉದುರಿದ ಹೆಣ್ಣು ಉಣುಗು ಮಾತ್ರ ಸಾವಿರಾರು ಮೊಟ್ಟೆಯಿಡುತ್ತದೆ. ಕಾಡು ಕಡಿದು ಗದ್ದೆ ಮಾಡಿ ಅಂಚಿನಲ್ಲಿ ದನ ಮೇಯಿಸಿದ್ದೇ ಉಣುಗನ್ನು ಹೆಚ್ಚಿಸಿತು ಎಂದು ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲೇ ವಾದಿಸಿದ್ದರು.

ಅವರ ಮಾತು ದಕ್ಷಿಣ ಕನ್ನಡದಲ್ಲಿ ಕಣ್ಣಿಗೆ ಕಂಡಿತು. ಬೆಳ್ತಂಗಡಿಯ ನಿಡ್ಲೆಯಲ್ಲಿ 1982ರಲ್ಲಿ ಗೇರುತೋಟಕ್ಕೆಂದು ಕಾಡು ಕಡಿದರು. ಮರುವರ್ಷ ಆ ಸೀಮೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಜ್ವರ ಬಿದ್ದರು.

ಮಂಗ ಪೂರ್ತಿ ನಿರಪರಾಧಿ ಎಂದೇನೂ ನಾನು ಹೇಳುತ್ತಿಲ್ಲ. ಕಾಯಿಲೆ ತಗುಲಿದ ಮಂಗನ ರಕ್ತದಲ್ಲಿ ವೈರಸ್ ಉಕ್ಕುತ್ತದೆ, ಅದು ಸತ್ತ ಜಾಗದಲ್ಲಿ ಸೋಂಕು ಹೊತ್ತ ಉಣುಗುಗಳು ಉದುರಿ ಕಾದಿರುತ್ತವೆ. ಆದರೆ ಅದು ಸಾಯುವುದು ನಮಗಿಂತ ಮೊದಲು, ನಮಗಿಂತ ಹೆಚ್ಚು. ಅಡಿಕೆ, ಬಾಳೆ ಹಾಳುಮಾಡುವ ಮಂಗಗಳನ್ನು ಹಿಡಿದು ಬೇರೆಡೆ ಬಿಡಿ ಎಂಬ ಕೂಗಿನ ಜೊತೆ ಕಾಯಿಲೆಯ ಹೆಸರೂ ಸೇರಿಕೊಂಡಾಗ ನನಗೆ ಕಸಿವಿಸಿಯಾಗುವುದು ಇದಕ್ಕೇ. ಬೆಳೆಗಾರನ ಸಂಕಟ ಸುಳ್ಳಲ್ಲ. ಮಂಗ ಹೋದರೂ ಇಲಿ, ಉಣುಗು, ದನ ಇಲ್ಲೇ ಇರುತ್ತವೆ.

ದಶಕಗಳ ಕಾಲ ಕೊಟ್ಟ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಕಾಡಿಗೆ ಹೋಗುವವರಿಗೆ ಈಗ ಮೈಗೆ ಹಚ್ಚಿಕೊಳ್ಳುವ ಎಣ್ಣೆಯಿದೆ. ಮತ್ತೆ, ಬೇಸಗೆ ಹತ್ತಿರವಾದಂತೆ ಆರೋಗ್ಯ ಇಲಾಖೆಯವರು ಊರೂರಿಗೆ ಹೇಳಿ ಹೋಗುವ ಮಾತೊಂದಿದೆ: ಸತ್ತ ಮಂಗ ಕಂಡರೆ ಮುಟ್ಟಬೇಡಿ, ಕೂಡಲೇ ತಿಳಿಸಿ.